ಮೀನಿನ ಕಣ್ಣಿನ ಕಲ್ಲು: ಪದರಗಳೊಳಗೆ ಬೆಳಕಿನ ಆಟ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ಕಡೆ ಇರೋ ನಮಗೆ ಕರಿಕಲ್ಲು ಅಂದ್ರೆ ಜಲ್ಲಿ, ಇಲ್ಲವೇ ರೈಲುಹಳಿ ಕೆಳಗಿನ ಕಲ್ಲು. ಕಳ್ವಾ–ಮುಂಬ್ರಾ ನಡುವೆ 1916ರಲ್ಲಿ ತೆರೆದ, ಸುಮಾರು 1.3 ಕಿಲೋಮೀಟರ್ ಉದ್ದದ ಪಾರ್ಸಿಕ್ ಸುರಂಗ ಕೊರೆದದ್ದೂ ಈ ಬಸಾಲ್ಟ್ ಬೆಟ್ಟದಲ್ಲೇ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖ್ಖನ್ ಲಾವಾ ಇದು. ಅದು ಆರುವಾಗ ಒಳಗೆ ಗಾಳಿಗುಳ್ಳೆಗಳು ಉಳಿದವು. ಆಮೇಲೆ ಖನಿಜ ಕರಗಿದ ನೀರು ಆ ಪೊಟರೆಗಳಿಗೆ ಇಳಿದು ಹರಳು ಕಟ್ಟಿತು. ಅಂಥ ಹರಳುಗಳಲ್ಲಿ ಒಂದು ಅಪೋಫಿಲೈಟ್. ಮುಂಬಯಿ, ಪುಣೆ, ನಾಸಿಕ್, ಜಳಗಾಂವ್ ಕಡೆಯ ಕಲ್ಲುಕ್ವಾರಿಗಳು ಇದಕ್ಕೆ ಹೆಸರುವಾಸಿ.

ಇದರ ಹಳೆಯ ಹೆಸರಿನ ಅರ್ಥ ‘ಮೀನುಕಣ್ಣಿನ ಕಲ್ಲು’. ಯಾಕೆ ಗೊತ್ತಾ? ಪಕ್ಕದಿಂದ ನೋಡಿದ್ರೆ ಗಾಜಿನ ಹೊಳಪು, ಮೇಲಿನಿಂದ ನೋಡಿದ್ರೆ ಮುತ್ತಿನ ಹೊಳಪು. ಒಂದೇ ಹರಳು, ಎರಡು ಹೊಳಪು! ಒಳಗೆ ಅಣುಗಳು ಹಾಳೆ ಹಾಳೆಯಾಗಿ ಕೂತಿವೆ. ಹಾಳೆಗಳ ನಡುವಿನ ಹಿಡಿತ ಸಡಿಲ, ಹಾಗಾಗಿ ಆ ದಿಕ್ಕಿಗೆ ಸಲೀಸಾಗಿ ಸೀಳುತ್ತೆ. ಒಳಗಿನ ಸಣ್ಣ ಸೀಳುಗಳಲ್ಲಿ ಬೆಳಕು ಒಂದೇ ಮಟ್ಟದಿಂದ ಅಲ್ಲ, ಹಲವು ಮಟ್ಟಗಳಿಂದ ಹಿಂದಿರುಗುತ್ತೆ. ಅದೇ ಮುತ್ತಿನ ಹೊಳಪು. ಸೀಳು ತುಂಬಾ ತೆಳುವಾಗಿದ್ರೆ ಮಳೆಗಾಲದ ರಸ್ತೆ ಮೇಲಿನ ಎಣ್ಣೆಯಂತೆ ಕಾಮನಬಿಲ್ಲೂ ಕಾಣುತ್ತೆ.

ಕಾಗೆಬಂಗಾರ, ಅಂದ್ರೆ ಅಭ್ರಕ, ಕೂಡ ಪದರದ ಖನಿಜವೇ. ಆದ್ರೆ ಬೆಳಕಿನ ಜೊತೆ ಅದರ ವರ್ತನೆ ಬೇರೆ. ಎಸೆಯಲು ಇಟ್ಟ ಹಳೆ ಇಸ್ತ್ರಿಪೆಟ್ಟಿಗೆಯೊಳಗೆ ಅಭ್ರಕದ ತೆಳು ಹಾಳೆ ಸಿಗಬಹುದು. ಎಲ್‌ಸಿಡಿ ಕಂಪ್ಯೂಟರ್ ಪರದೆಯಲ್ಲಿ ಬಿಳಿ ಪುಟ ತೆರೆದು, ಪೋಲರಾಯ್ಡ್ ಕನ್ನಡಕವನ್ನು ಪರದೆ ಕಪ್ಪಾಗುವ ತನಕ ತಿರುಗಿಸಿ. ಈಗ ನಡುವೆ ಆ ಹಾಳೆ ಹಿಡಿದು ನಿಧಾನ ತಿರುಗಿಸಿ. ಕತ್ತಲಲ್ಲಿ ಬೆಳಕು ಬರುತ್ತೆ, ಬಣ್ಣವೂ ಬರಬಹುದು. ಅಭ್ರಕದಲ್ಲಿ ಬೆಳಕು ಎರಡು ಪಾಲಾಗಿ, ಒಂದು ಪಾಲು ಸ್ವಲ್ಪ ತಡವಾಗಿ ಹೊರಬರೋದೇ ಇದಕ್ಕೆ ಕಾರಣ. ಹಾಳೆಯ ದಪ್ಪ ಬದಲಾದ್ರೆ ಬಣ್ಣವೂ ಬದಲು. ಅಪೋಫಿಲೈಟಿನ ತೆಳು ಸೀಳನ್ನು ಹೀಗೆ ಮೇಲಿನಿಂದ ನೋಡಿದ್ರೆ ಬಹುಮಟ್ಟಿಗೆ ಕತ್ತಲೆಯೇ. ಯಾಕಂದ್ರೆ ಅದರ ಹಾಳೆಯಲ್ಲಿ ಉದ್ದ–ಅಗಲ ಎರಡೂ ಬೆಳಕಿಗೆ ಒಂದೇ. ಹಾಳೆಯೊಳಗೆ ಅಣುಗಳು ಹೇಗೆ ಕೂತಿವೆ ಅಂತ ಬೆಳಕೇ ಹೇಳಿಬಿಡುತ್ತೆ, ನೋಡಿ.

ಕ್ರಷರಿಗೆ ಬಿದ್ದ ಮೇಲೆ ಹರಳೂ ಜಲ್ಲಿಯೇ. ಆ ಪೊಟರೆಯಲ್ಲಿ ಯಾವ ಹರಳು ಮೊದಲು ಕಟ್ಟಿತು, ಯಾವುದು ಆಮೇಲೆ ಅನ್ನೋ ಲೆಕ್ಕ ಅಲ್ಲಿಗೆ ಅಳಿಸಿಹೋಗುತ್ತೆ. ಹಾಗಾಗಿ ಮನೆಯಲ್ಲಿ ಒಂದು ತುಂಡು ಇದ್ರೆ ಎಲ್ಲಿ ಸಿಕ್ಕಿದ್ದು ಅಂತ ಚೀಟಿ ಬರೆದು ಜೊತೆಗಿಡಿ. ಕೊಳೆ ತೆಗೆಯೋಕೆ ಟಾಯ್ಲೆಟ್ ಆ್ಯಸಿಡ್ ಹಾಕಬೇಡಿ, ಹರಳೇ ಹಾಳಾಗುತ್ತೆ. ಬೆಂಕಿಗೂ ಹಿಡಿಯಬೇಡಿ. ಇದರೊಳಗೆ ನೀರಿದೆ, ಕಾಯಿಸಿದ್ರೆ ಪದರ ಪದರವಾಗಿ ಬಿಡುತ್ತೆ. ಅಪೋಫಿಲೈಟ್ ಅನ್ನೋ ಗ್ರೀಕ್ ಮೂಲದ ಹೆಸರು ಬಂದದ್ದೇ ಈ ಗುಣದಿಂದ. ಮೆತ್ತನೆಯ ಬ್ರಷ್, ತಣ್ಣೀರು ಸಾಕು.