ಘಟ್ಟದ ಮೇಲಿನ ಎಳನೀರು

ಮಂಗಳೂರಿನ ಕುದ್ರೋಳಿಯಲ್ಲಿ ಬೆಳಗ್ಗೆ ನಲ್ಲಿ ತಿರುಗಿಸಿ ಕೊಡಕ್ಕೆ ನೀರು ಹಿಡಿಯುವವರು, ಅದು ಎಲ್ಲಿಂದ ಬಂತೆಂದು ಯೋಚಿಸುವುದು ಅಪರೂಪ. ಗುರುಪುರ ನದಿ ಮಗ್ಗುಲಲ್ಲೇ ಹರಿಯುತ್ತಿದ್ದರೂ ಕಡಲಿನ ಭರತದಿಂದ ಅದರ ನೀರು ಅಲ್ಲಿ ಉಪ್ಪು, ಕುಡಿಯಲು ಬಾರದು. ನಗರಕ್ಕೆ ನೀರು ಬರುವುದು ತುಂಬೆಯಲ್ಲಿ ನೇತ್ರಾವತಿಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಆ ನೇತ್ರಾವತಿಯ ಜಾಡು ಹಿಡಿದು ಮೇಲಕ್ಕೆ, ಇನ್ನೂ ಮೇಲಕ್ಕೆ ಹೋದರೆ ಎಳನೀರು ಘಟ್ಟದ ಬಂಗ್ರಬಲಿಗೆ ಕಣಿವೆಯನ್ನು ಮುಟ್ಟುತ್ತೇವೆ. ಅಲ್ಲಿರುವ ಊರೇ ಎಳನೀರು. ಹೆಸರು ಕೇಳಿ ತೆಂಗಿನ ತೋಪನ್ನು ಕಲ್ಪಿಸಿಕೊಳ್ಳುವುದು ಬೇಡ. ಅಲ್ಲಿನ ಬಾಳುವೆ ನಿಂತಿರುವುದು ಅಡಿಕೆಯ ಮೇಲೆ.

ಹಕ್ಕಿ ಹಾರಿದಂತೆ ಅಳೆದರೆ ಕುದ್ರೋಳಿಯಿಂದ ಎಳನೀರಿಗೆ ಎಪ್ಪತ್ತು ಕಿಲೋಮೀಟರು ಮೀರದು. ಆದರೆ ಮನುಷ್ಯನಿಗೆ ರೆಕ್ಕೆಗಳಿಲ್ಲ. ಆಡಳಿತದ ಲೆಕ್ಕದಲ್ಲಿ ಎಳನೀರು ಬೆಳ್ತಂಗಡಿ ತಾಲೂಕಿನ ಮಲವಂತಿಗೆ ಗ್ರಾಮಕ್ಕೆ ಸೇರಿದ್ದು. ಗ್ರಾಮದ ಉಳಿದ ಭಾಗ ಘಟ್ಟದ ಬುಡದಲ್ಲಿದ್ದರೆ ಇದೊಂದು ತುಂಡು ಘಟ್ಟದ ತಲೆಯ ಮೇಲಿದೆ. ಬುಡದ ದಿಡುಪೆಗೂ ಎಳನೀರಿಗೂ ನಡುವೆ ಇರುವುದು ಕೆಲವೇ ಕಿಲೋಮೀಟರುಗಳ ಕಡಿದಾದ ಕಾಡುದಾರಿ. ಆ ದಾರಿಯನ್ನು ವಾಹನ ಸಂಚಾರಕ್ಕೆ ಯೋಗ್ಯವಾಗಿಸಬೇಕೆಂಬ ಬೇಡಿಕೆ ಬಲು ಹಳೆಯದು. ಅದಿಲ್ಲದೆ ತಾಲೂಕು ಕಚೇರಿಗೆ ಹೋಗಬೇಕಾದವನು ಮೊದಲು ನೆರೆಯ ಚಿಕ್ಕಮಗಳೂರು ಜಿಲ್ಲೆಯ ಸಂಸೆಗೆ ಬಂದು, ಕುದುರೆಮುಖದ ಕಡೆಯಿಂದಲೋ ಚಾರ್ಮಾಡಿಯ ಕಡೆಯಿಂದಲೋ ಸುಮಾರು ನೂರು ಕಿಲೋಮೀಟರು ಸುತ್ತಬೇಕು. ಒಂದು ಸಹಿಗಾಗಿ ಒಂದು ಹಗಲು!

ಇಂಥ ಸ್ಥಿತಿಗೆ ಕಾರಣ ಘಟ್ಟವೇ. ಅದು ಮಳೆಯ ತಾಯಿಯೂ ಹೌದು, ಊರಿನ ಕೋಟೆಗೋಡೆಯೂ ಹೌದು. ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದ ಮೇಲಿಂದ ಬೀಸಿ ಬರುವ ಗಾಳಿಯು ತುಂಬ ನೀರಾವಿಯನ್ನು ಹೊತ್ತಿರುತ್ತದೆ. ಕರಾವಳಿಯ ಬಯಲನ್ನು ದಾಟಿದ ಅದಕ್ಕೆ ಘಟ್ಟ ಎದುರಾದಾಗ ಮೇಲೇರದೆ ವಿಧಿಯಿಲ್ಲ. ಮೇಲೇರಿದಂತೆ ಒತ್ತಡ ತಗ್ಗುವುದರಿಂದ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಅಷ್ಟು ಆವಿಯನ್ನು ಹಿಡಿದಿಡಲಾರದು. ಮಂಗಳೂರಿನಲ್ಲಿ ವರ್ಷಕ್ಕೆ ೪೦೦೦ ಮಿಲಿಮೀಟರಿನ ಆಸುಪಾಸು ಮಳೆಯಾದರೆ, ಇದೇ ಘಟ್ಟಸಾಲಿನ ಆಗುಂಬೆಯಲ್ಲಿ ೭೦೦೦ ಮಿಲಿಮೀಟರನ್ನೂ ಮೀರುತ್ತದೆ. ಘಟ್ಟದಾಚೆಯ ಕಡೂರಿನ ಬಯಲಿನಲ್ಲಿ ಬೀಳುವುದು ಆಗುಂಬೆಯ ಹತ್ತನೆಯ ಒಂದು ಪಾಲಿನಷ್ಟೇ.

ಎಳನೀರಿನ ಸುತ್ತಣ ದಿಣ್ಣೆಗಳಲ್ಲಿ ಮಳೆಯ ಹನಿಗೆ ಎರಡು ಭವಿಷ್ಯಗಳುಂಟು. ಪಡುವಣ ಇಳಿಜಾರಿಗೆ ಬಿದ್ದ ಹನಿ ನೇತ್ರಾವತಿಯನ್ನು ಸೇರಿ ಮಂಗಳೂರಿನಲ್ಲಿ ಕಡಲಿಗಿಳಿಯುತ್ತದೆ. ಅದರ ಅಣ್ಣನೋ ತಮ್ಮನೋ ಗಾಳಿಯ ಒಂದು ನೂಕಿಗೆ ಸಂಸೆಯ ಕಡೆ ಬಿದ್ದರೆ, ಭದ್ರಾ, ತುಂಗಭದ್ರಾ, ಕೃಷ್ಣೆಯರ ಜೊತೆ ಇಡೀ ದಖ್ಖಣವನ್ನು ಹಾದು ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ.

ಮಳೆಗಾಲದಲ್ಲಿ ಇಂಥ ಊರುಗಳ ಮನೆ ಒಂದು ಹಡಗಿನಂತೆ. ಬೇಸಗೆ ಮುಗಿಯುವ ಮೊದಲೇ ಅಕ್ಕಿ, ಬೇಳೆ, ಮೆಣಸು, ಉಪ್ಪು, ಹಲಸಿನ ಹಪ್ಪಳ, ಒಣಗಿದ ಸೌದೆ ಎಲ್ಲವೂ ಒಳಗೆ ಸೇರಬೇಕು. ಉಪ್ಪು ಗಾಳಿಯ ತೇವವನ್ನು ಹೀರಿ ನೀರಾಗುವ ವಸ್ತುವಾದ್ದರಿಂದ ಅದರ ಸ್ಥಾನ ಒಲೆಯ ಪಕ್ಕ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಸದಾ ಆಡುತ್ತಿದ್ದು, ಬಿತ್ತನೆಯ ಬೀಜಕ್ಕೆ ಬೂಷ್ಟು ಹಿಡಿಯದಂತೆ, ಹುಳು ಬೀಳದಂತೆ ಕಾಯುತ್ತದೆ. ಕಳಸದ ಈ ಸೀಮೆ ಸಮುದ್ರಮಟ್ಟದಿಂದ ಸುಮಾರು ೮೦೦ ಮೀಟರು ಎತ್ತರದಲ್ಲಿರುವುದರಿಂದ ಹವೆ ಕರಾವಳಿಗಿಂತ ಐದು ಡಿಗ್ರಿಯಷ್ಟು ತಂಪು. ನೀರೂ ಇಲ್ಲಿ ೯೭ ಡಿಗ್ರಿ ದಾಟಿದೊಡನೆ ಕುದಿದುಬಿಡುತ್ತದೆ. ಕುಚ್ಚಲಕ್ಕಿ ಬೇಯಲು ಒಂದೆರಡು ಕೊಳ್ಳಿ ಹೆಚ್ಚೇ ಬೇಕು. ತೋಟಕ್ಕೆ ಹೊರಟವನ ಕಾಲಿಗೆ ಇಂಬಳ ಹತ್ತದೆ ಬಿಡದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಒಂದು ರಸವನ್ನು ಅದು ಗಾಯದೊಳಗೆ ಬಿಡುವುದರಿಂದ, ಇಂಬಳ ಉದುರಿದ ಮೇಲೂ ನೆತ್ತರು ಬಹಳ ಹೊತ್ತು ಸೋರುತ್ತದೆ. ಸುಣ್ಣ ಬೆರೆಸಿದ ಹೊಗೆಸೊಪ್ಪೇ ಅಲ್ಲಿನವರ ಮದ್ದು.

ಇಂಬಳಕ್ಕಿಂತ ದೊಡ್ಡ ಶತ್ರು ಕೊಳೆರೋಗ. ಫೈಟೋಫ್ಥೋರ ಎಂಬ ಸೂಕ್ಷ್ಮಜೀವಿಯ ಬೀಜಕಣಗಳಿಗೆ ಈಜಲು ಬಾಲಗಳಿವೆ. ಎಳೆಯ ಅಡಿಕೆಯ ಮೇಲೆ ನೀರಿನ ಒಂದು ತೆಳುಪೊರೆ ನಿಂತರೆ ಸಾಕು, ಅದರಲ್ಲಿ ಈಜಿ ಕಾಯೊಳಗೆ ನುಗ್ಗುತ್ತವೆ. ಕೆಲವು ವಾರಗಳಲ್ಲಿ ಗೊನೆಗೆ ಗೊನೆಯೇ ಉದುರುತ್ತದೆ. ಹಿಂದೆ ರೈತರು ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ, ಬೋರ್ಡೋ ದ್ರಾವಣದ ಬಳಕೆಯನ್ನು ತೋರಿಸಿಕೊಟ್ಟರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ಇಷ್ಟೇ ಅದರ ಪಾಕ. ಮೈಲುತುತ್ತಿನಲ್ಲಿರುವ ತಾಮ್ರವೇ ರೋಗವನ್ನು ತಡೆಯುವುದು. ಆದರೆ ಮಳೆ ಶುರುವಾಗುವ ಹೊತ್ತಿಗೊಮ್ಮೆ, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಮ್ಮೆ ಇದನ್ನು ಸಿಂಪಡಿಸಬೇಕು. ಆ ಎರಡನೆಯ ಸರದಿ ಬರುವುದು ಆಟಿಯ ಜಡಿಮಳೆಯ ನಡುವೆ. ಕೆಲವು ಗಂಟೆಗಳ ಬಿಸಿಲಿಗಾಗಿ ಮನೆಮಂದಿಯೆಲ್ಲ ಬಾನು ನೋಡುತ್ತ ಕುಳಿತಿರುತ್ತಾರೆ; ಬಿಸಿಲು ಬಿತ್ತೆಂದರೆ ಪಾಚಿಗಟ್ಟಿದ ಮರವನ್ನು ಏರುವ ನುರಿತವನು ಸಿಗಬೇಕು. ವರ್ಷದ ಆದಾಯ ಈ ಕೆಲವು ಗಂಟೆಗಳಲ್ಲಿ ತೀರ್ಮಾನವಾಗುತ್ತದೆ.

ಇದೇ ನೀರನ್ನು ದುಡಿಸಿಕೊಳ್ಳುವ ಜಾಣ್ಮೆಯೂ ಘಟ್ಟದವರಿಗಿದೆ. ಈ ಸೀಮೆಯ ಹಲವು ಮನೆಗಳವರು ತೋಡಿನ ನೀರನ್ನು ಕೊಳವೆಯಲ್ಲಿ ಇಳಿಸಿ, ಸಣ್ಣ ಚಕ್ರವೊಂದನ್ನು ತಿರುಗಿಸಿ ವಿದ್ಯುತ್ತನ್ನು ಪಡೆಯುತ್ತಾರೆ. ನಮ್ಮ ವಿದ್ಯಾರ್ಥಿ ಮಿತ್ರರು ತಾವೇ ಲೆಕ್ಕ ಹಾಕಬಹುದು. ಸೆಕೆಂಡಿಗೆ ಐದು ಲೀಟರು ನೀರು ಮೂವತ್ತು ಮೀಟರು ಎತ್ತರದಿಂದ ಬಿದ್ದರೆ ಅದರಲ್ಲಿರುವ ಶಕ್ತಿ ಸುಮಾರು ೧೪೭೦ ವಾಟು. ಘರ್ಷಣೆ ಮೊದಲಾದುವುಗಳಲ್ಲಿ ಅರ್ಧ ಹೋದರೂ ಉಳಿದದ್ದು ಒಂದು ಮನೆಯ ದೀಪಗಳಿಗೆ ಧಾರಾಳ. ಕೊರತೆಯೆಂದರೆ, ಬೇಸಗೆಯಲ್ಲಿ ತೋಡು ಸೊರಗಿದಂತೆ ದೀಪವೂ ಸೊರಗುತ್ತದೆ.

ಜಡಿಮಳೆಯಲ್ಲಿ ಕಾಯಿಲೆ ಬಿದ್ದವರ ಪಾಡೇನು? ಘಟ್ಟದ ಒಂಟಿಮನೆಗಳಲ್ಲಿ ರೋಗಿಯನ್ನು ಕುರ್ಚಿಯಲ್ಲೋ ಕಂಬಳಿಯ ಜೋಲಿಯಲ್ಲೋ ಹೊತ್ತು ಜೀಪು ನಿಲ್ಲುವ ತಾಣಕ್ಕೆ ತರುವುದು ಹೊಸ ಸಂಗತಿಯಲ್ಲ. ನಡುವೆ ಅಡಿಕೆ ಮರ ಜೋಡಿಸಿದ ಕಾಲುಸಂಕವಿದ್ದು, ಕೆಳಗೆ ತೋಡು ಮೊರೆಯುತ್ತಿದ್ದರೆ ಹೊತ್ತವರ ಎದೆಯೂ ನಡುಗದಿರದು. ೨೦೧೯ರ ಆಗಸ್ಟಿನಲ್ಲಿ ಘಟ್ಟದ ಮಣ್ಣು ನೀರು ಕುಡಿದು ಭಾರವಾಗಿ, ಕೆಳಗಿನ ಬಂಡೆಯ ಹಿಡಿತ ತಪ್ಪಿ ಅಲ್ಲಲ್ಲಿ ಜಾರಿದಾಗ, ಚಾರ್ಮಾಡಿಯ ರಸ್ತೆಯೇ ಮುಚ್ಚಿತು. ದಿಡುಪೆ, ಮಲವಂತಿಗೆಗಳ ಕಡೆ ನೆರೆ ನುಗ್ಗಿತು. ಸುತ್ತುದಾರಿಯೂ ಇಲ್ಲದ ದಿನಗಳವು.

ಹಾಗಾದರೆ ರಸ್ತೆಯನ್ನು ಕಡಿದುಬಿಡಬಾರದೇಕೆ? ಆ ದಾರಿಯ ಒಂದು ಭಾಗ ೧೯೮೭ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿದೆ. ಕಾಡಿನ ತರಗೆಲೆಗಳೂ ಗುಡ್ಡದ ಹುಲ್ಲಿನ ಬೇರುಗಳೂ ಮಳೆಯನ್ನು ಹೀರಿ ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಬಿಟ್ಟುಕೊಡುವುದರಿಂದಲೇ ನೇತ್ರಾವತಿಗೆ ಬೇಸಗೆಯಲ್ಲಿ ನೀರು. ಇಳಿಜಾರನ್ನು ಅಜಾಗ್ರತೆಯಿಂದ ಕಡಿದರೆ ಕುಸಿತವೂ ಖಂಡಿತ. ಕಾಡನ್ನು ಕಾಯುವವರ ವಾದವನ್ನು ನಾವು ತಳ್ಳಿಹಾಕಲಾರೆವು. ಆದರೆ ಇದೇ ಮಲೆಗಳಲ್ಲಿ ೧೯೮೦ರಿಂದ ೨೦೦೫ರ ಕೊನೆಯವರೆಗೆ ಗುಡ್ಡಗಳನ್ನು ಅಗೆದು, ಕಬ್ಬಿಣದ ಅದಿರಿನ ಪುಡಿಯನ್ನು ನೀರಿನಲ್ಲಿ ಕದಡಿ, ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸಲಾಯಿತು. ಅದಿರಿಗೆ ಸಿಕ್ಕಿದ ನೇರ ದಾರಿ ಗರ್ಭಿಣಿಗೇಕೆ ಸಿಗಬಾರದೆಂದು ಘಟ್ಟದ ಹಿರಿಯರೊಬ್ಬರು ಕೇಳಿದರೆ, ಉತ್ತರ ಹೇಳುವುದು ನಮಗಂತೂ ಸುಲಭವಲ್ಲ.

೨೦೧೯ರ ಆ ನೆರೆಗೆ ಮೂರು ತಿಂಗಳು ಮುಂಚೆ, ಮೇ ತಿಂಗಳಲ್ಲಿ, ತುಂಬೆಯ ಅಣೆಕಟ್ಟಿನಲ್ಲಿ ನೀರು ತಳ ಕಂಡಿತ್ತು. ಮಂಗಳೂರಿನಲ್ಲಿ ನೀರನ್ನು ಸರದಿಯ ಮೇಲೆ ಬಿಡುತ್ತಿದ್ದರು. ನಗರದ ಜನ ಕೊಡಗಳನ್ನಿಟ್ಟುಕೊಂಡು ಘಟ್ಟದ ಕಡೆ ಮೋಡ ಕಟ್ಟುವುದನ್ನು ಕಾಯುತ್ತಿದ್ದರು.