ಮೊಬೈಲಿನಲ್ಲಿ ಮಾರಾಟ: ಲೆಕ್ಕವೂ ಗಿರಾಕಿಯ ಗುಟ್ಟೂ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ರೈತರು ಮೆಣಸಿನಕಾಯಿಯನ್ನು ಪೇಟೆಗೆ ಒಯ್ದು ದಲಾಲರ ಅಂಗಡಿಯಲ್ಲಿ ಸುರಿಯುವುದು ರೂಢಿ. ಈಚೆಗೆ ಕೆಲವರು ಕಾಯಿಯನ್ನೂ, ಮನೆಯಲ್ಲಿ ತಯಾರಿಸಿದ ಖಾರದ ಪುಡಿ, ಶೇಂಗಾ ಚಟ್ನಿ, ಖಡಕ್ ರೊಟ್ಟಿಗಳನ್ನೂ ಮೊಬೈಲಿನ ಮೂಲಕ ಹುಬ್ಬಳ್ಳಿ, ಬೆಂಗಳೂರಿನ ಗಿರಾಕಿಗಳಿಗೆ ನೇರವಾಗಿ ಮಾರತೊಡಗಿದ್ದಾರೆ. ಇದು ಸ್ವಾಗತಾರ್ಹ. ಆದರೆ ಸಂತೆಯಲ್ಲಿ ಕೈಗೆ ಬಂದ ರೊಕ್ಕಕ್ಕೂ ಮೊಬೈಲಿನಲ್ಲಿ ಬಂದ ರೊಕ್ಕಕ್ಕೂ ಒಂದು ವ್ಯತ್ಯಾಸವುಂಟು. ಎರಡನೆಯದರ ಲೆಕ್ಕ ನಮ್ಮಲ್ಲಿ ಇಲ್ಲದಿದ್ದರೂ ಬೇರೆಯವರಲ್ಲಿ ಇದ್ದೇ ಇರುತ್ತದೆ.

2025ರ ಜುಲೈ ತಿಂಗಳಲ್ಲಿ ನಮ್ಮ ನೆರೆಯ ಹಾವೇರಿಯಲ್ಲಿ ನಡೆದ ಸಂಗತಿ ಅನೇಕರಿಗೆ ನೆನಪಿರಬಹುದು. ರೈತರಿಂದ ತರಕಾರಿ ಕೊಂಡು ಮಾರುವ ಒಬ್ಬ ಚಿಕ್ಕ ವ್ಯಾಪಾರಿಗೆ ಸುಮಾರು 29 ಲಕ್ಷ ರೂಪಾಯಿ ತೆರಿಗೆ ಕೇಳಿ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸು ಬಂದಿತು. ನಾಲ್ಕು ವರ್ಷಗಳಲ್ಲಿ ಆತನ ಖಾತೆಗೆ ಯುಪಿಐ ಮೂಲಕ ಬಂದ 1.63 ಕೋಟಿ ರೂಪಾಯಿಯೇ ಇದಕ್ಕೆ ಆಧಾರ. ತಾಜಾ ತರಕಾರಿಗೆ ಜಿ.ಎಸ್.ಟಿ. ಇಲ್ಲ. ಆದರೆ ಬಂದ ಹಣ ಬದನೆಕಾಯಿಯದೋ ಬಟ್ಟೆಯದೋ ಎಂಬುದನ್ನು ಯುಪಿಐ ಹೇಳುವುದಿಲ್ಲ. ರಾಜ್ಯದ ಸಾವಿರಾರು ವ್ಯಾಪಾರಿಗಳಿಗೆ ಇಂಥ ನೋಟೀಸು ಹೋದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದೂ, ನೋಂದಣಿ ಮಾಡಿಸಬೇಕಾದವರು ಮಾಡಿಸಲೇಬೇಕೆಂದೂ ತಿಳಿಸಿದ ಮೇಲೆ ಗದ್ದಲ ತಣ್ಣಗಾಯಿತು.

ರೈತರಿಗೆ ಇದು ಎಷ್ಟು ಅನ್ವಯ?

ತನ್ನ ಹೊಲದಲ್ಲಿ ಬೆಳೆದ ಫಸಲನ್ನು ಮಾರುವ ರೈತ ಅಷ್ಟರ ಮಟ್ಟಿಗೆ ಜಿ.ಎಸ್.ಟಿ. ನೋಂದಣಿ ಮಾಡಿಸಬೇಕಾಗಿಲ್ಲ. ನೆರೆಹೊಲದವರ ಕಾಯಿಯನ್ನು ಕೊಂಡು ಮಾರಿದರೆ ಮಾತ್ರ ಅದು ವ್ಯಾಪಾರ. ಪುಡಿ ಮಾಡಿ ಪೊಟ್ಟಣ ಕಟ್ಟಿ ಮಾರುವುದನ್ನು ಬರೀ ಸಾಗುವಳಿಯ ಫಲವೆಂದು ವಾದಿಸುವುದು ಕಷ್ಟ. ಲೆಕ್ಕ ತಪಾಸಿಗರನ್ನು ಮೊದಲೇ ವಿಚಾರಿಸುವುದು ಲೇಸು. ಸರಕು ಮಾರುವ ವ್ಯಾಪಾರಿಗೆ ವರ್ಷದ ಒಟ್ಟು ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ತೆರಿಗೆಯ ಸರಕಿನ ಜೊತೆಗೆ ತೆರಿಗೆ ಇಲ್ಲದ ಸರಕನ್ನೂ ಮಾರುವವರಿಗೆ ಈ ಒಟ್ಟಿನಲ್ಲಿ ಎರಡೂ ಸೇರುತ್ತವೆ. ಇದನ್ನು ಬಹಳ ಜನ ಮರೆಯುತ್ತಾರೆ.

ಆದುದರಿಂದ ಮಾರಾಟಕ್ಕೆ ಬೇರೆ ಬ್ಯಾಂಕ್ ಖಾತೆಯನ್ನೇ ಇಟ್ಟುಕೊಳ್ಳಬೇಕು. ಅಳಿಯ ಕಳಿಸಿದ ಕೈಗಡ, ಭಿಶಿಯ ಹಣ, ಮಗನ ಸಂಬಳ ಎಲ್ಲವೂ ಒಂದೇ ಖಾತೆಗೆ ಬಿದ್ದರೆ ಮೂರು ವರ್ಷದ ನಂತರ ಬಿಡಿಸಿ ಹೇಳುವವರು ಯಾರು? ನಮ್ಮ ಹಿರಿಯರ ಕಿರ್ದಿ ಪುಸ್ತಕ ಇಲ್ಲಿ ಬಹಳ ಉಪಯುಕ್ತ. ತಾರೀಖು, ಮಾಲು, ತೂಕ, ದರ, ಸ್ವಂತ ಬೆಳೆಯೋ ಕೊಂಡದ್ದೋ ಎಂಬುದನ್ನು ದಿನವೂ ಬರೆದಿಡಬೇಕು. ಪಹಣಿಯ ಬೆಳೆ ಕಾಲಮ್ಮಿನಲ್ಲಿ ಮೆಣಸಿನಕಾಯಿ ನಮೂದಾಗಿದೆಯೇ ಎಂದೂ ನೋಡಿಕೊಳ್ಳಬೇಕು; ನೋಟೀಸು ಬಂದಾಗ ಅದೂ ಒಂದು ಆಧಾರ. ನೋಟೀಸು ಬಂದರೆ ಹೆದರಿ ಮುಚ್ಚಿಡದೆ, ಅದರಲ್ಲಿ ಹೇಳಿದ ಅವಧಿಯೊಳಗೆ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಬೇಕು.

ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಿಸಿದ ತಿಂಗಳು, ತಯಾರಕರ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಇರಬೇಕು. ಮೊಬೈಲಿನಲ್ಲಿ ಮಾರಿದ ಮಾತ್ರಕ್ಕೆ ಇದು ತಪ್ಪುವುದಿಲ್ಲ.

ಗಿರಾಕಿಯ ಹೆಸರು, ವಿಳಾಸ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳ ಜಾರಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಕಾಯ್ದೆಯ ತಿರುಳು ಸರಳ: ಪುಡಿ ಕಳಿಸಲೆಂದು ಪಡೆದ ವಿಳಾಸವನ್ನು ಪುಡಿ ಕಳಿಸಲಷ್ಟೇ ಬಳಸಬೇಕು, ಜೋಪಾನವಾಗಿಡಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು.

ನಮ್ಮಲ್ಲಿ ಆಗುವುದು ಬೇರೆ. ನೂರು ಗಿರಾಕಿಗಳನ್ನು ಕೇಳದೆಯೇ ಒಂದು ವಾಟ್ಸಾಪ್ ಗುಂಪಿಗೆ ಸೇರಿಸುತ್ತಾರೆ. ಆಗ ಒಬ್ಬ ಹೆಣ್ಣುಮಗಳ ನಂಬರು ಉಳಿದ ತೊಂಬತ್ತೊಂಬತ್ತು ಜನಕ್ಕೂ ಕಾಣುತ್ತದೆ. ಗುಂಪಿನ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಪರಿಚಯದವರೆಂದು ಗೊಬ್ಬರದಂಗಡಿಯವರಿಗೋ ಸಾಲ ಕೊಡಿಸುವವರಿಗೋ ಗಿರಾಕಿಗಳ ಪಟ್ಟಿ ಕೊಡುವುದೂ ತಪ್ಪು. ಹಳೆಯ ಮೊಬೈಲನ್ನು ಮಾರುವ ಮುನ್ನ ಅದರಲ್ಲಿರುವುದನ್ನೆಲ್ಲ ಅಳಿಸಿಯೇ ಕೊಡಬೇಕು.

ಇನ್ನು ಮೋಸದ ಮಾತು. ಹಣ ಪಡೆಯಲು ಯುಪಿಐ ಗುಪ್ತಸಂಖ್ಯೆ ಬೇಕಿಲ್ಲ, ಹಣ ಕೊಡಲು ಮಾತ್ರ ಬೇಕು. ಐವತ್ತು ಕಿಲೋ ಕಾಯಿಗೆ ಮುಂಗಡ ಕಳಿಸುತ್ತೇನೆ, ಗುಪ್ತಸಂಖ್ಯೆ ಒತ್ತಿರಿ ಎಂದು ಯಾರಾದರೂ ಹೇಳಿದರೆ ಫೋನು ಇಟ್ಟುಬಿಡಬೇಕು. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಬೇಗ ದೂರು ಕೊಟ್ಟರೆ ಹಣವನ್ನು ಮುಂದಿನ ಖಾತೆಗಳಲ್ಲಿ ತಡೆಹಿಡಿಯಲು ಅವಕಾಶವಿರುತ್ತದೆ.