ಕೈ ಸೋತರೂ ಬರಹ ಸೋಲಲಿಲ್ಲ!

ಕಣ್ಣು ಕಾಣುತ್ತೆ, ಕಿವಿ ಕೇಳುತ್ತೆ, ಬುದ್ಧಿಯೂ ನೆಟ್ಟಗಿದೆ. ಆದರೆ ಕೈಕಾಲು ಮಾತ್ರ ಹೇಳಿದ ಮಾತು ಕೇಳವು. ಒಂದು ಚೀಟಿ ಬರೆಯಬೇಕೆಂದರೂ ಪೆನ್ನು ಹಿಡಿಯುವವರು ಯಾರು?

ಅಮೆರಿಕದಲ್ಲಿ ಇಂಥ ಹಿರಿಯರೊಬ್ಬರಿದ್ದರು. 2007ರಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕುತ್ತಿಗೆಯಿಂದ ಕೆಳಗೆ ಮೈ ಹೆಚ್ಚುಕಡಿಮೆ ನಿಂತೇಹೋಗಿತ್ತು. 65ರ ವಯಸ್ಸಿನಲ್ಲಿ ಅವರು ಕೈ ಎತ್ತದೆಯೇ ನಿಮಿಷಕ್ಕೆ 90 ಅಕ್ಷರ ಬರೆದರು! ಮಾಟವಲ್ಲ, ಮಂತ್ರವಲ್ಲ. 'ಬರೆಯುತ್ತಿದ್ದೇನೆ' ಎಂದು ಮನಸ್ಸಿನಲ್ಲೇ ಪ್ರಯತ್ನಪಟ್ಟರು, ಕಂಪ್ಯೂಟರು ಅದನ್ನು ಓದಿ ಪರದೆಯ ಮೇಲೆ ಮೂಡಿಸಿತು. 2021ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಸುದ್ದಿ ಬಂತು.

ಈ ಕೆಲಸದ ಹಿಂದಿದ್ದ ಮುಖ್ಯ ತಲೆಗಳಲ್ಲಿ ಒಂದು ಕೃಷ್ಣ ಶೆಣೈ ಅವರದು.

ಚಿಪ್ ಬಿಟ್ಟು ಮಿದುಳಿಗೆ

ಶೆಣೈ ಡಾಕ್ಟರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. 1990ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಪದವಿ, 1995ರಲ್ಲಿ ಎಂ.ಐ.ಟಿ.ಯಲ್ಲಿ ಪಿಎಚ್.ಡಿ. ಅಲ್ಲಿ ಓದಿದ್ದು ಬೆಳಕಿನಿಂದ ಸಂದೇಶ ಸಾಗಿಸುವ ಚಿಪ್ಪುಗಳ ವಿದ್ಯೆ. ಕೈತುಂಬ ಸಂಬಳ ತರುವ ಲೈನು! ಅದನ್ನು ಬಿಟ್ಟು ಕ್ಯಾಲ್‌ಟೆಕ್‌ನಲ್ಲಿ ರಿಚರ್ಡ್ ಆ್ಯಂಡರ್ಸನ್ ಬಳಿ ಮಿದುಳಿನ ಪಾಠಕ್ಕೆ ಕೂತರು. 2001ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಬಂದವರು ಕೊನೆಯವರೆಗೂ ಅಲ್ಲೇ ಉಳಿದರು.

ಮೊದಲು ಕೋತಿಗಳ ಮೇಲೆ ಪ್ರಯೋಗ ನಡೆಯಿತು. ಕೋತಿ ಯಾವ ಕಡೆ ಕೈ ಚಾಚಲಿದೆ ಎಂಬುದನ್ನು ಅದರ ಮಿದುಳಿನಿಂದಲೇ ತಿಳಿಯುವ ಏರ್ಪಾಡು 2006ರಲ್ಲಿ ಸಿದ್ಧವಾಯಿತು. ಆಮೇಲೆ ನರಶಸ್ತ್ರವೈದ್ಯ ಜೇಮಿ ಹೆಂಡರ್ಸನ್ ಜೊತೆಯಾದರು. ಒಬ್ಬರದು ಲೆಕ್ಕ, ಇನ್ನೊಬ್ಬರದು ಕತ್ತರಿ. ಜೋಡಿ ಚೆನ್ನಾಗಿ ಕೂಡಿಬಂತು.

ಸಂತೆಯ ಗದ್ದಲ

ಮಿದುಳಿನ ಮಾತು ಕೇಳುವುದು ಹೇಗೆ ಅಂತೀರಾ? ನಾಲ್ಕು ಮಿಲಿಮೀಟರ್ ಚೌಕದ ಒಂದು ಬಿಲ್ಲೆ, ಅದರಲ್ಲಿ ಸುಮಾರು 100 ಸೂಕ್ಷ್ಮ ಸೂಜಿ. ಆಪರೇಷನ್ ಮಾಡಿ ಕೈ ಆಡಿಸುವ ಮಿದುಳಿನ ಭಾಗಕ್ಕೆ ಇದನ್ನು ನಾಟುತ್ತಾರೆ. ಸುತ್ತಲಿನ ನರಕೋಶಗಳ ವಿದ್ಯುತ್ ಮಿಡಿತವನ್ನು ಸೂಜಿಗಳು ಹಿಡಿದು ತಂತಿಯ ಮೂಲಕ ಕಂಪ್ಯೂಟರಿಗೆ ಕಳಿಸುತ್ತವೆ.

ಹಿಂದಿನವರಲ್ಲಿ ಬಹಳ ಜನ ಒಂದೊಂದು ಕೋಶ ಏನು ಹೇಳುತ್ತದೆಂದು ಕಿವಿಗೊಡುತ್ತಿದ್ದರು. ಶೆಣೈ ಮತ್ತು ಸಂಗಡಿಗರು ಇಡೀ ಗುಂಪಿಗೇ ಕಿವಿಗೊಟ್ಟರು. ಸಂತೆಯಲ್ಲಿ ಒಬ್ಬ ಈರುಳ್ಳಿ ವ್ಯಾಪಾರಿಯ ಕೂಗು ಕೇಳಿದರೆ ಅವನ ದರವಷ್ಟೇ ಗೊತ್ತಾಗುತ್ತೆ. ಇಡೀ ಸಂತೆಯ ಸದ್ದು ಕೇಳಿದರೆ ಮಾರುಕಟ್ಟೆ ಏರಿದೆಯೋ ಬಿದ್ದಿದೆಯೋ ತಿಳಿಯುತ್ತೆ. ಹಾಗೇ ಇದು. ಕೈ ಚಾಚುವಾಗ ಕೋಶಗಳ ಗುಂಪಿನ ಚಟುವಟಿಕೆ ಗಾಣದೆತ್ತಿನಂತೆ ಸುತ್ತುವ ಲಯ ಹಿಡಿಯುತ್ತದೆ ಎಂದು 2012ರಲ್ಲಿ ಈ ತಂಡ ತೋರಿಸಿತು.

ಅಂಕುಡೊಂಕೇ ಅನುಕೂಲ

2017ರ ಹೊತ್ತಿಗೆ, ಪರದೆಯ ಮೇಲಿನ ಬಾಣವನ್ನು ಮನಸ್ಸಿನಿಂದಲೇ ಅಕ್ಷರದ ಮೇಲೆ ಒಯ್ದು ಒತ್ತುವ ವಿಧಾನದಲ್ಲಿ ನಿಮಿಷಕ್ಕೆ 39 ಅಕ್ಷರ ದಾಟಿರಲಿಲ್ಲ. ಆಗ ತಂಡದ ಫ್ರ್ಯಾಂಕ್ ವಿಲೆಟ್ ಮುಂದಾಳಾಗಿ ಕೈಬರಹದ ದಾರಿ ಹಿಡಿದರು. ನೇರ ಗೆರೆಗಳು ಒಂದರಂತೆ ಇನ್ನೊಂದು, ಕಂಪ್ಯೂಟರಿಗೆ ಗೊಂದಲ. ಇಂಗ್ಲಿಷಿನ ಅಕ್ಷರಗಳೋ ಒಂದೊಂದೂ ಒಂದೊಂದು ಸೊಟ್ಟ! ಸೊಟ್ಟಗಿದ್ದಷ್ಟೂ ಗುರುತು ಸಲೀಸು. 100ಕ್ಕೆ 94 ಅಕ್ಷರ ಸರಿಬಂತು. ತಪ್ಪು ತಿದ್ದುವ ಪ್ರೋಗ್ರಾಂ ಸೇರಿಸಿದಾಗ 99 ದಾಟಿತು. ಮೈ ಬಿದ್ದು ಹತ್ತಾರು ವರ್ಷವಾದರೂ ಮಿದುಳು ಅಕ್ಷರ ತಿದ್ದುವುದನ್ನು ಮರೆತಿರಲಿಲ್ಲ!

ಆಮೇಲೆ ಮಾತಿನ ಸರದಿ. ಎ.ಎಲ್.ಎಸ್. ಕಾಯಿಲೆಯಿಂದ ಸ್ಪಷ್ಟ ಮಾತು ಕಳೆದುಕೊಂಡ ಮಹಿಳೆಯೊಬ್ಬರು ತುಟಿ, ನಾಲಿಗೆ ಆಡಿಸಲು ಯತ್ನಿಸಿದಾಗಲೇ ಯಂತ್ರ ನಿಮಿಷಕ್ಕೆ 62 ಪದ ಹೊರಡಿಸಿತು. ನಾವು ನೀವು ಆಡುವುದು ಸುಮಾರು 160. ಒಂದೂಕಾಲು ಲಕ್ಷ ಪದಗಳ ಭಂಡಾರದಿಂದ ಆರಿಸುವಾಗ ನಾಲ್ಕು ಪದಕ್ಕೆ ಹೆಚ್ಚುಕಡಿಮೆ ಒಂದು ತಪ್ಪು. ಇನ್ನೂ ದೂರ ಹೋಗಬೇಕು, ಆದರೆ ದಾರಿ ಸಿಕ್ಕಿತು.

ನೋಡಲು ಅವರಿರಲಿಲ್ಲ

ಈ ಲೇಖನ ಅಚ್ಚಾದದ್ದು 2023ರ ಆಗಸ್ಟ್ 23ರಂದು. ಅದರಲ್ಲಿ ಶೆಣೈ ಹೆಸರಿತ್ತು, ಶೆಣೈ ಇರಲಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನೊಂದಿಗೆ ಹಲವು ವರ್ಷ ಹೋರಾಡಿ ಅದೇ ಜನವರಿ 21ರಂದು ತೀರಿಕೊಂಡಿದ್ದರು. ವಯಸ್ಸು 54 ಅಷ್ಟೇ. ಇನ್ನೊಬ್ಬರ ಮೈಗೆ ದಾರಿ ಹುಡುಕುತ್ತಿದ್ದವರ ಮೈಯೇ ಅವರಿಗೆ ಕೈಕೊಟ್ಟಿತ್ತು.

ಈ ಪ್ರಯೋಗಗಳ ಸಾಮಾನು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ತಲೆಬುರುಡೆ ತೆರೆಯಬೇಕು, ತಂತಿ ಹೊರಗೆ ಬರುತ್ತದೆ, ಪಕ್ಕದಲ್ಲಿ ತಿಳಿದವರೂ ಇರಬೇಕು. ಹಾಸಿಗೆ ಹಿಡಿದವರ ಮನೆಯವರು ನಾಳೆಯೇ ಆಸ್ಪತ್ರೆಗೆ ಓಡಿ ಪ್ರಯೋಜನವಿಲ್ಲ.

ಆದರೆ ಒಂದು ಮಾತು ಈಗಲೇ ಮನೆಗೆ ಒಯ್ಯಬಹುದು. ಮೈ ಆಡದವರ ಎದುರು ನಿಂತು 'ಅವರಿಗೇನು ಗೊತ್ತಾಗುತ್ತೆ ಬಿಡಿ' ಎನ್ನುವ ಮುಂಚೆ ಸ್ವಲ್ಪ ಯೋಚಿಸಿ. ಒಳಗೆ ಅವರು ಬರೆಯುತ್ತಲೇ ಇರಬಹುದು.